ಚಿಕ್ಕಪ್ಪನ ಜೈಂಟ್ ವೀಲ್

ಮಕ್ಕಳನ್ನು ಮೈಸೂರಿನಾಚೆಯ ಮನರಂಜನಾ ಪಾರ್ಕಿಗೆ ಕರೆದೊಯ್ಯುವ ಮಾತು ಬಂದಾಗ, ಗಾವಡಗೆರೆಯ ನಮ್ಮ ಮನೆಯಲ್ಲಿ ಚಿಕ್ಕಪ್ಪನದೇ ಯೋಚನೆಯಾಯಿತು. ಲಕ್ವ ಹೊಡೆದ ಮೇಲೆ ಅವರ ಎಡಗಾಲಿಗೆ ಶಕ್ತಿ ಇರಲಿಲ್ಲ. ನಾನು ಪಾರ್ಕಿಗೆ ಫೋನ್ ಮಾಡಿ ಗಾಲಿಕುರ್ಚಿ, ಶೌಚಾಲಯ, ಕೂರಲು ನೆರಳು ಎಲ್ಲ ವಿಚಾರಿಸಿದೆ.

"ಎಲ್ಲಾ ಕೇಳ್ದೆ. ನಾನು ಯಾವುದ್ರಲ್ಲಿ ಕೂರ್ಬೇಕು ಅಂತ ಕೇಳ್ನಿಲ್ವಲ್ಲ," ಅಂದರು ಚಿಕ್ಕಪ್ಪ.

"ಯಾವುದ್ರಲ್ಲಿ ಕೂರ್ತೀರಿ?"

"ಜೈಂಟ್ ವೀಲು ಕಣ."

ನಾಚಿಕೆಯಾಯಿತು. ಮತ್ತೆ ಫೋನ್ ಮಾಡಿದೆ. ಚಕ್ರ ನಿಲ್ಲಿಸುತ್ತೇವೆ, ನೀವೇ ಎತ್ತಿ ಕೂರಿಸಬೇಕು ಎಂದರು ಪಾರ್ಕಿನವರು. ತಮ್ಮನೂ ನಾನೂ ಒಂದು ವಾರ ಚಿಕ್ಕಪ್ಪನನ್ನು ಜಗಲಿಗೆ ಎತ್ತಿ ಕೂರಿಸಿ ರೂಢಿ ಮಾಡಿಕೊಂಡೆವು. ಪಾರ್ಕಿನಲ್ಲಿ ಅಷ್ಟೇನೂ ಕಷ್ಟವಾಗಲಿಲ್ಲ. ನಾವಿಬ್ಬರೂ ಕೂತ ತೊಟ್ಟಿಲು ತುದಿಗೆ ಹೋದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಚಿಕ್ಕಪ್ಪ ಕಾಂಪೌಂಡಿನಾಚೆಯ ಗದ್ದೆ ನೋಡಿ, ನಾಟಿ ತಡವಾಗಿದೆ ಅಂದರು.