ವರದಿಯಲ್ಲಿ ಬರದ ಪೆಟ್ಟು

ಧಾರವಾಡಕ್ಕೆ ಬಂದ ಮೊದಲ ವಾರವೇ ಒಬ್ಬರು ನನ್ನನ್ನು ಬೈದರೆಂದು ಅತ್ತುಬಿಟ್ಟೆ. ರಕ್ತ ತಪಾಸಣೆಯ ಲ್ಯಾಬಿನಲ್ಲಿ ನನ್ನ ಕೆಲಸ. ಅಮ್ಮಿನಬಾವಿಯಿಂದ ಬಂದಿದ್ದ ರೈತರೊಬ್ಬರ ತೋಳಿಗೆ ಸೂಜಿ ಚುಚ್ಚಿದೆ. "ಏನವಾ, ಎಲ್ಲಾ ರಕ್ತ ನೀನ ತಗೊಂಡ್ರ ನಾ ಮನಿ ಮುಟ್ಟೋದು ಹ್ಯಾಂಗ?" ಎಂದು ಇಡೀ ಕೋಣೆಗೆ ಕೇಳುವಂತೆ ಗದರಿದರು. ಮರುದಿನ ವರದಿ ಒಯ್ಯಲು ಬಂದಾಗ ಹಸಿ ಕಡಲೆ ಗಿಡದ ಕಟ್ಟೊಂದನ್ನು ನನ್ನ ಮೇಜಿನ ಮೇಲಿಟ್ಟು ನಕ್ಕರು. ನಮ್ಮ ಮಳವಳ್ಳಿಯ ಕಡೆ ಅಷ್ಟು ಗಟ್ಟಿಯಾಗಿ ಮಾತಾಡಿದರೆ ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತು ನಿಲ್ಲುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರಿಗೆ ತಾರಿಹಾಳದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ ಸಿಕ್ಕಿತ್ತು. ಮಾಳಮಡ್ಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಮುದ್ದೆ ತಿರುವಿ ಪಳಗಿದ ನನ್ನ ಕೈಯಲ್ಲಿ ಜೋಳದ ರೊಟ್ಟಿ ಹರಿದು ಚಿಂದಿಯಾಗುತ್ತಿತ್ತು. "ಹೆದರಿಕೋತ ಬಡೀಬ್ಯಾಡ್ರಿ, ರೊಟ್ಟಿಗೂ ತಿಳೀತದ," ಎನ್ನುತ್ತಿದ್ದರು ಮನೆಯೊಡತಿ ಕಾಕು. ಕೊನೆಗೊಂದು ರೊಟ್ಟಿ ಇಡಿಯಾಗಿ ಉಬ್ಬಿದ ದಿನ ಯಜಮಾನರು ಅದನ್ನು ತಟ್ಟೆಯಲ್ಲಿಟ್ಟುಕೊಂಡು ಕಾಕುವಿಗೆ ತೋರಿಸಲು ಓಡಿದರು. ಆ ಮನುಷ್ಯ ಈಗ ಇಲ್ಲ. ಬದುಕಿದ್ದಾರೆ, ಆದರೆ ಆ ಮನುಷ್ಯ ಇಲ್ಲ.

ಐದನೆಯ ವರ್ಷ ಕಾರ್ಖಾನೆಯಲ್ಲಿ ಭಾರ ಎತ್ತುವ ಸರಪಳಿಯ ಕೊಕ್ಕೆ ತೂಗಿ ಬಂದು ಅವರ ತಲೆಗೆ ಬಡಿಯಿತು. ಬಿದ್ದರು, ಎರಡು ನಿಮಿಷದಲ್ಲಿ ಎದ್ದರು. ಸುತ್ತಲಿದ್ದವರು ತಮಾಷೆ ಮಾಡಿದರು. ತಾವೇ ಬಸ್ಸು ಹತ್ತಿ ಮನೆಗೆ ಬಂದು ವಾಂತಿ ಮಾಡಿಕೊಂಡರು. ಸೂಜಿ ಕೈಯಲ್ಲಿದ್ದರೆ ನನಗೆ ಧೈರ್ಯ. ಆ ಸಂಜೆಯೇ ಲ್ಯಾಬಿಗೆ ಕರೆದೊಯ್ದು ರಕ್ತ ತೆಗೆದೆ. ಸಕ್ಕರೆ, ಹಿಮೋಗ್ಲೋಬಿನ್ ಎಲ್ಲ ಸರಿಯಿತ್ತು. ಆಸ್ಪತ್ರೆಯ ಸ್ಕ್ಯಾನಿನಲ್ಲೂ ಏನೂ ಕಾಣಲಿಲ್ಲ. ಆದರೆ ತಿಂಗಳು ಕಳೆದರೂ ತಲೆನೋವು ಬಿಡಲಿಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಮುಟ್ಟಿಯೇ ಬೋಲ್ಟಿನ ಅಳತೆ ಹೇಳುತ್ತಿದ್ದವರು ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಲ್ಲತೊಡಗಿದರು. ಲೋಟ ಬಿದ್ದ ಸದ್ದಿಗೆ ನನ್ನ ಮೇಲೆ ಹರಿಹಾಯುತ್ತಿದ್ದರು. ಕೊನೆಗೆ ಕೆಲಸಕ್ಕೆ ಹೋಗಲಾರದೆ ಮನೆಯಲ್ಲೇ ಉಳಿದರು.

ನಾನು ಜಾಣೆಯೆಂದು ನನಗೇ ಹೆಮ್ಮೆ. ಎರಡು ವಾರಕ್ಕೊಮ್ಮೆ ಅವರ ರಕ್ತ ತೆಗೆದು, ಗೊತ್ತಿದ್ದ ಪರೀಕ್ಷೆಗಳನ್ನೆಲ್ಲ ಮಾಡಿ ಫೈಲು ಕಟ್ಟಿದೆ. ಫೈಲು ದಪ್ಪವಾದರೆ ಕಾಯಿಲೆಯನ್ನು ನಂಬುತ್ತಾರೆಂದುಕೊಂಡು ನಾನೇ ಅದನ್ನು ಕಾರ್ಖಾನೆಗೆ ಒಯ್ದೆ. ಮ್ಯಾನೇಜರು ಒಂದೊಂದೇ ಹಾಳೆ ತಿರುವಿದರು. "ಬಾಯಾರ, ಎಲ್ಲಾ ನಾರ್ಮಲ್ ಅಂತ ನೀವ ಬರದೀರಲ್ರಿ. ಮತ್ಯಾಕ ಅವ್ರು ಮನ್ಯಾಗ ಕುಂತಾರ?" ಪ್ರತಿ ಹಾಳೆಯ ಕೆಳಗೂ ನನ್ನದೇ ಸಹಿ. ಆ ವಾರವೇ ಯಜಮಾನರನ್ನು ಕೆಲಸದಿಂದ ತೆಗೆದರು.

ನನ್ನ ಗೋಳು ಕೇಳಿ ನಮ್ಮ ಲ್ಯಾಬಿನ ಡಾಕ್ಟರು ಒಂದು ವಿಷಯ ಹೇಳಿದರು. ಮಿದುಳಿಗೆ ಸಣ್ಣ ಪೆಟ್ಟಾದರೂ ಅಲ್ಲಿನ ಒಂದು ಪ್ರೋಟೀನು ರಕ್ತಕ್ಕೆ ಸೋರುತ್ತದಂತೆ, ಅದನ್ನು ಅಳೆಯುವ ಪರೀಕ್ಷೆ ಹೊರದೇಶದಲ್ಲಿ ಶುರುವಾಗಿದೆಯಂತೆ. "ಈಗ ಅವರ ರಕ್ತ ಕಳಿಸಬಹುದಾ ಸರ್?" ಎಂದೆ. "ಇಲ್ಲವಾ. ಪೆಟ್ಟು ಬಿದ್ದ ಕೆಲವು ತಾಸಿನ್ಯಾಗ ತಗದ ರಕ್ತದಾಗ ಅಷ್ಟ ಸಿಗತದ. ಅದೂ ಪೂರಾ ಖಾತ್ರಿ ಇಲ್ಲ ಅಂತಾರ." ಆ ಸಂಜೆಯ ರಕ್ತ ನನ್ನ ಕೈಯಲ್ಲೇ ಇತ್ತು. ಸಕ್ಕರೆ ನೋಡಿ ಉಳಿದದ್ದನ್ನು ಚೆಲ್ಲಿ, ನಾನೇ ಕೊಳವೆ ತೊಳೆದಿಟ್ಟಿದ್ದೆ.

"ಬಂದ್ಬುಡವ್ವ, ಇಲ್ಲಿ ಹೆಂಗೋ ಆಯ್ತದೆ," ಎಂದು ಮಳವಳ್ಳಿಯಿಂದ ಅವ್ವ ಫೋನಿನಲ್ಲಿ ಅತ್ತಳು. ಹೋದೆವು. ಕಿವಿಗೆ ನನ್ನ ಮಾತು, ತಟ್ಟೆಗೆ ನನ್ನ ಮುದ್ದೆ. ಆದರೆ ನೋಡಲು ಬಂದವರೆಲ್ಲ, "ಕಲ್ಲುಗುಂಡ್ನಂಗವ್ರೆ, ಇವ್ರಿಗೇನಾಗದೆ?" ಎಂದು ನಕ್ಕರು. ಹದಿನೈದು ದಿನಕ್ಕೇ ಹಿಂದಿರುಗಿದೆವು. ಇಲ್ಲಿ ಯಜಮಾನರು ಅಂಗಳಕ್ಕೆ ಬಂದರೆ, ಯಾರೂ ಹೇಳದೆಯೇ ಕಾಕು ರೇಡಿಯೋ ಆರಿಸುತ್ತಾರೆ. ಅದೊಂದನ್ನು ನೆಚ್ಚಿಕೊಂಡು ಇದ್ದೇವೆ. ಇದನ್ನು ನಮ್ಮ ಊರು ಎನ್ನಲು ಬಾಯಿ ಬರುವುದಿಲ್ಲ, ಅದನ್ನು ಎನ್ನಲು ಮನಸ್ಸು ಬರುವುದಿಲ್ಲ.

ಮೊನ್ನೆ ನಾನು ಲ್ಯಾಬಿಗೆ ಹೊರಟಾಗ ಅವರು ಹೊಸ್ತಿಲಲ್ಲಿ ಕುಳಿತು ಅಂಗಿಯ ತೋಳು ಮಡಚಿದರು.

"ಊರಲ್ಲೂ ಏನೂ ಆಗಿಲ್ಲ ಅಂದ್ರು, ಇಲ್ಲೂ ಅದನ್ನೇ ಅಂತಾರೆ. ಎರಡೂರೂ ಸುಳ್ಳು ಹೇಳ್ತವಾ? ನಾನೇ ನಾಟಕ ಆಡ್ತಿರಬೋದು. ಇನ್ನೊಂದ್ಸಲ ರಕ್ತ ನೋಡಿ ನಿಜ ಹೇಳ್ಬುಡು."

ನಾನು ಬ್ಯಾಗು ಕೆಳಗಿಟ್ಟೆ. ಅವರು ತೋಳು ಚಾಚಿಕೊಂಡೇ ಕುಳಿತಿದ್ದರು.