ಊಟದ ದುಡ್ಡು ತೆಗೆದುಕೊಳ್ಳದ ಮನೆ

ಬೈರಕೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯುತ್ತಿತ್ತು. ಅದರಾಚೆಗೆ ನಾನು ಓದಿದ್ದೆಲ್ಲ ಸರ್ಕಾರದ ದುಡ್ಡಿನಲ್ಲಿ. ಹಳ್ಳಿಯ ಹೆಣ್ಣುಮಕ್ಕಳು ಪಟ್ಟಣಕ್ಕೆ ಬಂದು ಮಿಡ್ಲ್ ಸ್ಕೂಲು ಓದಿದರೆ ಆಗ ಸ್ಕಾಲರ್‌ಷಿಪ್ಪು ಸಿಗುತ್ತಿತ್ತು. ಪುಸ್ತಕಕ್ಕೆ ಇಷ್ಟು, ಊಟ ವಸತಿಗೆ ಇಷ್ಟು ಅಂತ. ಊಟದ ದುಡ್ಡು ಪಟ್ಟಣದಲ್ಲಿ ಸ್ವಂತ ಮನೆಯಿಲ್ಲದವರಿಗೆ ಮಾತ್ರ. ಹುಡುಗಿಯನ್ನು ಇಟ್ಟುಕೊಂಡ ಮನೆಯವರು ಹೆಡ್ಮಿಸ್ಟ್ರೆಸ್ಸರ ಹತ್ತಿರ ರುಜು ಹಾಕಿ ಅದನ್ನು ಒಯ್ಯಬೇಕು. ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರಮ್ಮ ಬಂದು, ದುಡ್ಡು ನಿಜವಾಗಿ ಹುಡುಗಿಯ ಹೊಟ್ಟೆಗೇ ಹೋಗುತ್ತಿದೆಯೇ ಅಂತ ನೋಡುತ್ತಿದ್ದರು.

ಯುದ್ಧದ ಕಾಲ ಅದು. ಮುಳಬಾಗಿಲಿನಿಂದ ಇದ್ದಿಲು ಸುಟ್ಟು ಓಡಿಸುವ ಬಸ್ಸಿನಲ್ಲಿ ಅಪ್ಪ ನನ್ನನ್ನು ಕೋಲಾರಕ್ಕೆ ಕರೆತಂದ. ನನಗೆ ಹನ್ನೊಂದೋ ಹನ್ನೆರಡೋ. ಹೆಡ್ಮಿಸ್ಟ್ರೆಸ್ಸು ಪೇಟೆಯ ಒಂದು ಮನೆ ಗೊತ್ತು ಮಾಡಿದ್ದರು. ಆ ಮನೆಯ ಯಜಮಾನರು ಕಾಳಿನ ಮಂಡಿಯಲ್ಲಿ ಲೆಕ್ಕ ಬರೆಯುವವರು, ನಮ್ಮ ಪೈಕಿಯವರೇ.

"ಅವರಿಗೆ ಒಬ್ಬಳೇ ಮಗಳಿದ್ದಳು, ನಮ್ಮ ಸ್ಕೂಲಿನಲ್ಲೇ ಓದುತ್ತಿದ್ದಳು," ಅಂತ ಹೆಡ್ಮಿಸ್ಟ್ರೆಸ್ಸು ಅಪ್ಪನಿಗೆ ಹೇಳಿದರು. "ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ, ಗೌನಿಪಲ್ಲಿ ಕಡೆಗೆ ಹೋಗಿದ್ದಾಗ ಜ್ವರ ಬಂದು ಹೋಗಿಬಿಟ್ಟಳು. ಈ ಮಗು ಇದ್ದರೆ ಹೆತ್ತ ಆಯಮ್ಮನಿಗೂ ಒಂದು ಸಮಾಧಾನ."

ಅಪ್ಪ ತಲೆಯಾಡಿಸಿದ. ಅದರಲ್ಲಿ ತಪ್ಪೇನೂ ಅವನಿಗೆ ಕಾಣಲಿಲ್ಲ, ನನಗೂ ಕಾಣಲಿಲ್ಲ.

ಬಾಗಿಲು ತೆಗೆದ ಆಯಮ್ಮ ನನ್ನ ಹೆಸರು ಕೇಳಲಿಲ್ಲ. ಒಮ್ಮೆ ಕಾಲಿನಿಂದ ತಲೆಯವರೆಗೆ ನೋಡಿ, "ಯಾಕೆ ಪಾಪ, ಇಷ್ಟು ಹೊತ್ತು?" ಅಂದರು. ಹಿತ್ತಿಲಿಗೆ ಹೋಗಿ ತಡವಾಗಿ ಬಂದವಳನ್ನು ಕೇಳುವ ಹಾಗೆ. ಬಸ್ಸು ತಡವಾಯಿತು ಅಂದೆ. ಅವರು ಕೈಕಾಲು ತೊಳೆಯಲು ನೀರು ತಂದರು. ಅಪ್ಪ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು ಹೊರಟುಹೋದ.

ಆ ಮನೆಯಲ್ಲಿ ನನಗೆ ಯಾವ ಕೊರತೆಯೂ ಆಗಲಿಲ್ಲ. ಮುದ್ದೆ, ಸಾರು, ಮೇಲೆ ಒಂದು ಹಿಡಿ ಅನ್ನ. ನಮ್ಮೂರಲ್ಲಿ ಅನ್ನ ಹಬ್ಬದ ಊಟ. ನಾನು ತಂದ ಎರಡು ಲಂಗ ಪೆಟ್ಟಿಗೆಯಲ್ಲೇ ಉಳಿದವು. ಆಯಮ್ಮ ಮಗಳ ಲಂಗ ತೆಗೆದುಕೊಟ್ಟರು. ಬೆಳೆಯುವ ಹುಡುಗಿಗೆ ಹೊಲಿದವು, ಅಂಚಿನಲ್ಲಿ ಒಂದರ ಮೇಲೊಂದು ಮಡಿಕೆ ಇಟ್ಟಿದ್ದರು. ನನಗೆ ಗಿಡ್ಡ ಅನ್ನಿಸುವ ಮುಂಚೆಯೇ ಅವರು ಒಂದು ಮಡಿಕೆ ಬಿಚ್ಚುತ್ತಿದ್ದರು, ಅದು ಸರಿಯಾಗಿ ನನ್ನ ಹಿಮ್ಮಡಿಗೆ ಬಂದು ನಿಲ್ಲುತ್ತಿತ್ತು. ಮಗಳು ಈ ತಿಂಗಳಿಗೆ ಇಷ್ಟು ಉದ್ದ ಆಗುತ್ತಾಳೆ ಅಂತ ಅವರಿಗೆ ಲೆಕ್ಕ ಇದ್ದಂತಿತ್ತು. ನಾನು ಆ ಲೆಕ್ಕಕ್ಕೆ ತಪ್ಪದೆ ಬೆಳೆಯುತ್ತಿದ್ದೆ.

ನಮ್ಮ ಮನೆಯ ಮಾತು ತೆಲುಗು. ಮೊದಮೊದಲು ಬಾಯಿ ತಪ್ಪಿ "ನೀಳ್ಳು" ಅಂದರೆ ಆಯಮ್ಮ ಕಿವಿ ಕೇಳದವರ ಹಾಗೆ ಇರುತ್ತಿದ್ದರು. ಬೈಯುತ್ತಿರಲಿಲ್ಲ, ತಿರುಗಿಯೂ ನೋಡುತ್ತಿರಲಿಲ್ಲ. "ನೀರು" ಅಂದ ಕೂಡಲೇ ಚೊಂಬು ಬರುತ್ತಿತ್ತು. ದಸರೆ ಹೊತ್ತಿಗೆ ನಾನು ತೆಲುಗಿನಲ್ಲಿ ಯೋಚಿಸುವುದನ್ನೂ ಬಿಟ್ಟಿದ್ದೆ.

ಯಜಮಾನರು ಹೆಚ್ಚು ಮಾತಿನವರಲ್ಲ. ಒಂದು ದಿನ ಹೆಂಡತಿ ಒಳಗಿದ್ದಾಗ ನನ್ನನ್ನು ಹತ್ತಿರ ಕರೆದು, "ಅವಳು ಏನಾದ್ರೂ ಹೇಳಿದ್ರೆ ಊ ಅನ್ನಮ್ಮ, ಅಷ್ಟೇ ಸಾಕು," ಅಂದರು.

ನಾನು ಊ ಅನ್ನುತ್ತಿದ್ದೆ. ಸಾಯಂಕಾಲ ತಲೆ ಬಾಚುತ್ತಾ ಆಯಮ್ಮ ಹಳೆಯದನ್ನು ಹೇಳುತ್ತಿದ್ದರು. ಅದರಲ್ಲಿ ಯಾವಾಗಲೂ 'ನೀನು' ಅಂತಲೇ. "ಅಂತರಗಂಗೆಗೆ ಹೋಗಿದ್ವಲ್ಲ, ನೀನು ಕಲ್ಲು ಬಸವನ ಬಾಯೊಳಗೆ ಕೈ ಹಾಕಿ ಅತ್ತೆ. ಒಳಗಿಂದ ಯಾರೋ ಬೆರಳು ಹಿಡ್ಕೊಂಡ್ರು ಅಂದೆ. ಜ್ಞಾಪಕ ಇದೆಯಾ?"

"ಊ."

ಶಾಲೆಯಲ್ಲಿ ನನಗಿಂತ ಒಂದು ಕ್ಲಾಸು ಮೇಲಿನ ಹುಡುಗಿಯರು ನನ್ನಿಂದ ದೂರ ಇರುತ್ತಿದ್ದರು. ಅವರು ತೀರಿಹೋದವಳ ಜೊತೆಯವರು. ಅವಳು ರಜೆಗೆ ಹೋದದ್ದನ್ನು ನೋಡಿದವರು, ಸತ್ತದ್ದನ್ನು ನೋಡಿದವರಲ್ಲ. ರಜೆ ಮುಗಿದ ಮೇಲೆ ಅದೇ ಲಂಗ ಉಟ್ಟು, ಅದೇ ಎರಡು ಜಡೆ ಹಾಕಿಕೊಂಡು, ಅದೇ ಮನೆಯಿಂದ ಒಬ್ಬಳು ಬಂದಳು. ಒಂದು ದಿನ ನೀರಿನ ತೊಟ್ಟಿಯ ಹತ್ತಿರ ಅವರಲ್ಲೊಬ್ಬಳು ಮೆಲ್ಲಗೆ ಬೆರಳು ಚಾಚಿ ನನ್ನ ತೋಳು ಮುಟ್ಟಿದಳು. ಹಿಂದೆ ನಿಂತವರಿಗೆ, "ಬೆಚ್ಚಗಿದಾಳೆ ಕಣೇ," ಅಂದಳು.

ನಾನು ನಗಬೇಕಿತ್ತು. ನಗು ಬರಲಿಲ್ಲ. ಆ ಮಧ್ಯಾಹ್ನ ಪಾಠದ ನಡುವೆ ನನ್ನ ತೋಳನ್ನು ನಾನೇ ಮುಟ್ಟಿ ನೋಡಿಕೊಂಡೆ.

ಅದಾದ ಸ್ವಲ್ಪ ದಿನಕ್ಕೆ ನನ್ನ ಪಕ್ಕದ ಹುಡುಗಿ ಅಂತರಗಂಗೆಗೆ ಹೋಗಿ ಬಂದ ಸುದ್ದಿ ಹೇಳಿದಳು. "ಬಸವನ ಬಾಯಿಗೆ ಕೈ ಹಾಕಿದೆಯಾ?" ಅಂತ ಕೇಳಿ, ನಾನೇ ಮುಂದುವರಿಸಿದೆ. "ನಾನು ಚಿಕ್ಕವಳಾಗಿದ್ದಾಗ ಹಾಕಿದ್ದೆ. ಒಳಗೆ ಪಾಚಿ, ಜಾರ್ತದೆ. ಯಾರೋ ಬೆರಳು ಹಿಡ್ಕೊಂಡ ಹಾಗಾಗ್ತದೆ."

"ನೀನು ಯಾವಾಗ ಹೋಗಿದ್ದೆ? ನಿಂದು ಮುಳಬಾಗಿಲ ಕಡೆ ಅಲ್ವಾ?"

ಆಯಮ್ಮ ಪಾಚಿಯ ಮಾತು ಒಮ್ಮೆಯೂ ಹೇಳಿರಲಿಲ್ಲ. ನಾನು ಆ ಬೆಟ್ಟ ಹತ್ತಿಯೇ ಇರಲಿಲ್ಲ. ಆದರೂ ಆ ಲೋಳೆ ಲೋಳೆ ತಣ್ಣಗಿನದು ನನ್ನ ಬೆರಳ ತುದಿಯಲ್ಲಿತ್ತು. ಲಂಗಕ್ಕೆ ಎಷ್ಟು ಒರೆಸಿಕೊಂಡರೂ ಹೋಗಲಿಲ್ಲ.

ಇನ್ಸ್‌ಪೆಕ್ಟರಮ್ಮ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಬಿಳಿ ಸೀರೆ, ಕನ್ನಡಕ, ಗಂಡಸರ ಹಾಗೆ ಪಟ್ಟಿ ಕಟ್ಟಿದ ಗಡಿಯಾರ. ಅಷ್ಟರಲ್ಲಿ ಹಳೆಯ ಹೆಡ್ಮಿಸ್ಟ್ರೆಸ್ಸರಿಗೆ ವರ್ಗವಾಗಿ ಹೊಸಬರು ಬಂದಿದ್ದರು. ನನ್ನ ಊಟದ ದುಡ್ಡು ನಾನು ಬಂದ ತಿಂಗಳಿನಿಂದ ಯಾರೂ ಒಯ್ಯದೆ ಹಾಗೇ ಬಿದ್ದಿರುವುದು ಇನ್ಸ್‌ಪೆಕ್ಟರಮ್ಮನ ಕಣ್ಣಿಗೆ ಬಿತ್ತು. ಹೆಚ್ಚು ಒಯ್ದವರನ್ನು ಅವರು ಎಷ್ಟೋ ಜನ ಕಂಡಿರಬೇಕು. ಬಿಟ್ಟವರನ್ನು ಕಂಡಿರಲಿಲ್ಲ. ಅದೇ ದಿನ ಹೆಡ್ಮಿಸ್ಟ್ರೆಸ್ಸರನ್ನು ಕರೆದುಕೊಂಡು ಮನೆಗೇ ಬಂದರು.

ಆಯಮ್ಮ ಚಾಪೆ ಹಾಸಿ ಕೂರಿಸಿದರು.

"ಈ ಹುಡುಗಿಯ ಊಟದ ದುಡ್ಡು ಯಾಕಮ್ಮ ತಗೊಂಡಿಲ್ಲ?"

"ಮಗಳ ಊಟಕ್ಕೆ ಯಾರಾದ್ರೂ ದುಡ್ಡು ತಗೊಳ್ತಾರಾ, ತಾಯಿ?"

ಇನ್ಸ್‌ಪೆಕ್ಟರಮ್ಮ ನನ್ನ ಕಡೆ ತಿರುಗಿದರು. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ನಿನ್ನನ್ನ ನಾನು ಹೋದ ವರ್ಷ ನೋಡಿದ್ದೀನಲ್ಲ. ಕ್ಲಾಸಿನಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದೆ."

ನಾನು ತಿರುಗಿ ಆಯಮ್ಮನನ್ನು ನೋಡಿದೆ.

"ನಿನ್ನ ಊರು ಯಾವುದು?"

ಹೇಳಲು ಬಾಯಿ ತೆರೆದೆ. ನಮ್ಮೂರಿನ ಹೆಸರು ಬರಲಿಲ್ಲ. ಗುಂಡುತೋಪು ಕಣ್ಣಿಗೆ ಬಂತು, ಕೆರೆ ಏರಿ ಬಂತು, ಹೆಸರು ಮಾತ್ರ ಬರಲಿಲ್ಲ. ಹಿಂದೆ ನಿಂತಿದ್ದ ಆಯಮ್ಮ ನನ್ನ ಜಡೆಯ ಮೇಲೆ ಕೈಯಿಟ್ಟರು. "ಕೋಲಾರ," ಅಂದೆ.

ಮಾರನೆಯ ದಿನ ಹೆಡ್ಮಿಸ್ಟ್ರೆಸ್ಸರ ಕೋಣೆಯ ಹೊರಗೆ ನನ್ನನ್ನು ನಿಲ್ಲಿಸಿದರು. ಮೇಲಿನ ಕ್ಲಾಸಿನವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳುತ್ತಿದ್ದರು. ತೊಟ್ಟಿಯ ಹತ್ತಿರ ನನ್ನನ್ನು ಮುಟ್ಟಿದ್ದವಳು, "ಅವಳೇ ಮಿಸ್, ವಾಪಸ್ ಬಂದಿದಾಳೆ," ಅಂದದ್ದು ನನಗೆ ಕೇಳಿಸಿತು. ಆಮೇಲೆ ದೊಡ್ಡವರ ದನಿ ಮಾತ್ರ.

"ಆ ಮನೆಯ ಹುಡುಗಿ ಸತ್ತಳು ಅಂತಾರೆ," ಅಂದರು ಹೊಸ ಹೆಡ್ಮಿಸ್ಟ್ರೆಸ್ಸು.

"ಸತ್ತದ್ದನ್ನ ಈ ಊರಲ್ಲಿ ನೋಡಿದವರು ಯಾರು? ಆಕೆ ನನ್ನ ಮಗಳು ಅಂತಾಳೆ. ಹುಡುಗಿ ಕೋಲಾರ ಅಂತಾಳೆ. ಇವಳನ್ನ ಹೋದ ವರ್ಷ ನಾನೇ ಕಣ್ಣಾರೆ ನೋಡಿದ್ದೀನಿ. ಸತ್ತವಳು ಹಳ್ಳಿಯವಳೇ ಆಗಿದ್ದರೆ? ಅವಳ ಹೆಸರಿನ ದುಡ್ಡಿನಲ್ಲಿ ಆ ಮನೆಯ ಮಗಳು ಓದುತ್ತಿದ್ದರೆ?"

ಗೋಡೆಗೆ ಒರಗಿ ನಿಂತಿದ್ದ ನನಗೆ ಅದನ್ನು ಕೇಳಿ ಅಳು ಬರಲಿಲ್ಲ. ಇದ್ದರೂ ಇರಬಹುದು ಅನ್ನಿಸಿತು. ಹಳ್ಳಿಯಿಂದ ಬಂದ ಒಬ್ಬ ಹುಡುಗಿ ಜ್ವರ ಬಂದು ಎಲ್ಲೋ ಹೋಗಿಬಿಟ್ಟಿದ್ದಾಳೆ, ಪಾಪ, ಅಂದುಕೊಂಡೆ. ಅವಳ ಅಪ್ಪನಿಗೆ ಯಾರು ಹೇಳುತ್ತಾರೋ ಅಂತ ಯೋಚಿಸಿದೆ.

ಅಪ್ಪನಿಗೆ ಹಳ್ಳಿಯ ಮೇಷ್ಟ್ರ ಮೂಲಕ ಹೇಳಿಕಳಿಸಿದರು. ಅವನು ಬರುವ ತನಕ ಇನ್ಸ್‌ಪೆಕ್ಟರಮ್ಮ ಕೋಲಾರ ಬಿಡಲಿಲ್ಲ. ಆ ದಿನಗಳಲ್ಲಿ ಆಯಮ್ಮ ಎಂದಿನ ಹಾಗೆಯೇ ಇದ್ದರು. ಲಂಗದ ಕೊನೆಯ ಮಡಿಕೆ ಬಿಚ್ಚಿದರು.

ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಾಗಿಲಲ್ಲಿ ನಿಂತ. ಕೋಣೆಯಲ್ಲಿ ಇನ್ಸ್‌ಪೆಕ್ಟರಮ್ಮ, ಹೆಡ್ಮಿಸ್ಟ್ರೆಸ್ಸು. ಒಂದು ಪಕ್ಕದಲ್ಲಿ ಆಯಮ್ಮ, ಅವರ ಹಿಂದೆ ಯಜಮಾನರು. ನಾನು ಮೇಜಿನ ಮುಂದೆ.

"ನೋಡಪ್ಪ, ಇವಳು ನಿನ್ನ ಮಗಳೇನು?"

ಅಪ್ಪ ನೋಡಿದ. ದಸರೆ ರಜಕ್ಕೆ ನನ್ನನ್ನು ಕರೆದೊಯ್ಯಲು ಅವನಿಗೆ ಆಗಿರಲಿಲ್ಲ. ಹೊಲದ ಕೆಲಸವಿತ್ತು. ಅಷ್ಟು ತಿಂಗಳಲ್ಲಿ ನಾನು ಬಿಸಿಲು ಕಾಣದೆ ಬೆಳ್ಳಗಾಗಿದ್ದೆ, ಉದ್ದವಾಗಿದ್ದೆ, ಕೆನ್ನೆ ತುಂಬಿತ್ತು. ಅವನ ಮುಖದಲ್ಲಿ ಗುರುತು ಬರಲಿಲ್ಲ. ನಾನೂ ಅವನನ್ನು ಯಾರೋ ದೊಡ್ಡವರನ್ನು ನೋಡುವ ಹಾಗೆ ನೋಡಿದೆ.

"ನಮ್ಮ ಹುಡ್ಗಿ ಥರಾನೇ ಅವಳೆ, ತಾಯಿ," ಅಂದ ಕೊನೆಗೆ.

"ಥರ ಅಂದರೆ? ಹೌದೋ ಅಲ್ಲವೋ?"

ಅಪ್ಪ ಕಂಬಳಿಯ ಅಂಚು ಹಿಡಿದುಕೊಂಡ. ಆಗ ಆಯಮ್ಮ ಮುಂದೆ ಬಂದು, "ಬಾ ಪಾಪ, ಹೋಗೋಣ. ಅನ್ನ ಆರ್ತದೆ," ಅಂದರು. ನನ್ನ ಕಾಲು ಅವರ ಕಡೆ ಎದ್ದಿತ್ತು. ಅದನ್ನು ನಾನು ಎತ್ತಿದ್ದಲ್ಲ.

ಅಪ್ಪ ನನ್ನ ಹತ್ತಿರ ಬರಲಿಲ್ಲ, ಕೈ ಚಾಚಲಿಲ್ಲ. ದಿನವೂ ಹೊಲದಿಂದ ಬಂದು ಹೇಳುವ ದನಿಯಲ್ಲೇ, "ಮನ ಎನುಮು ಈನಿಂದಿ," ಅಂದ.

ನಮ್ಮ ಎಮ್ಮೆ ಕರು ಹಾಕಿತ್ತು. ನಾನು ಊರು ಬಿಡುವಾಗ ಅದಕ್ಕೆ ಗಬ್ಬ ನಿಂತಿದೆಯೋ ಇಲ್ಲವೋ ಅಂತ ಮನೆಯಲ್ಲಿ ಜಗಳವಾಗುತ್ತಿತ್ತು. ನಿಂತಿದೆ ಅಂದವಳು ನಾನೊಬ್ಬಳೇ.

"ಪೆಯ್ಯ ದೂಡೇನಾ?" ಅಂತ ಕೇಳಿಬಿಟ್ಟೆ.

ಕೇಳಿದ ಮೇಲೆ ಆ ದನಿ ನನ್ನದು ಅಂತ ಗೊತ್ತಾಯಿತು. ಅಪ್ಪನ ಮುಖ ಅಪ್ಪನ ಮುಖವಾಯಿತು. ಕಂಬಳಿಯ ವಾಸನೆ ಬಂತು, ಊರಿನ ಹೆಸರು ಬಂತು. ನಾನು ಅಲ್ಲೇ ಕೂತು ಅತ್ತೆ.

"ಏನು ಕೇಳಿದಳು?" ಅಂದರು ಇನ್ಸ್‌ಪೆಕ್ಟರಮ್ಮ. ಅವರಿಗೆ ತೆಲುಗು ಬಾರದು.

"ಹೆಣ್ಣುಗರುವಾ ಅಂತ ಕೇಳ್ತವಳೆ, ತಾಯಿ," ಅಂದ ಅಪ್ಪ. "ನನ್ನ ಮಗಳೇ. ಅನುಮಾನ ಇಲ್ಲ."

ಇನ್ಸ್‌ಪೆಕ್ಟರಮ್ಮ ಬರೆಯಲು ಹಿಡಿದಿದ್ದ ಪೆನ್ನನ್ನು ಕೆಳಗಿಟ್ಟರು. ಆಯಮ್ಮನನ್ನು ನೋಡಿದರು. ಅವರ ಕೋಪ ಇಳಿದುಹೋಗಿತ್ತು. ಆದರೆ ನನ್ನನ್ನು ಅಲ್ಲಿ ಬಿಡಲು ಅವರು ಒಪ್ಪಲಿಲ್ಲ. ಇನ್ನು ಮುಂದೆ ನಾನು ಹೆಡ್ಮಿಸ್ಟ್ರೆಸ್ಸರ ಮನೆಯಲ್ಲೇ ಇರಬೇಕು, ಸ್ಕಾಲರ್‌ಷಿಪ್ಪು ನಿಲ್ಲಿಸುವುದಿಲ್ಲ ಅಂದರು. ಆಯಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಕತ್ತಲಾಗೋದ್ರೊಳಗೆ ಬಂದುಬಿಡು," ಅಂತ ನನಗೆ ಹೇಳಿ ಹೊರಟರು.

ನನ್ನ ಪೆಟ್ಟಿಗೆ ತಂದುಕೊಟ್ಟವರು ಯಜಮಾನರು. ಹೆಡ್ಮಿಸ್ಟ್ರೆಸ್ಸರ ಮನೆಯ ಮೆಟ್ಟಿಲ ಮೇಲೆ ಅದನ್ನಿಟ್ಟರು. "ನೀನು ಬಂದ ಮೇಲೆ ಅವಳು ಊಟ ಮಾಡಕ್ಕೆ ಶುರು ಮಾಡಿದ್ಲಮ್ಮ. ಅದಕ್ಕೇ ನಾನು ಸುಮ್ಮನಿದ್ದೆ," ಅಂದರು.

ಎಷ್ಟೋ ದಿನದವರೆಗೆ, ಬೀದಿಯಲ್ಲಿ ಯಾರಾದರೂ ತಮ್ಮ ಮಗುವನ್ನು ಪಾಪ ಅಂತ ಕರೆದರೆ ನಾನು ತಿರುಗಿ ನೋಡುತ್ತಿದ್ದೆ. ಬೇಸಿಗೆಯಲ್ಲಿ ಊರಿಗೆ ಹೋದಾಗ ಅಮ್ಮ ನನ್ನನ್ನು ಬೆಳಕಿಗೆ ನಿಲ್ಲಿಸಿ ಕಿವಿಯ ಹಿಂದಿನ ಮಚ್ಚೆ ಹುಡುಕಿದಳು. ಸಿಕ್ಕಿದ ಮೇಲೆ ಮುದ್ದೆ ಹಾಕಿದಳು.

ಮಿಡ್ಲ್ ಸ್ಕೂಲು ಮುಗಿಸಿ, ಟ್ರೈನಿಂಗೂ ಮುಗಿಸಿ, ಶ್ರೀನಿವಾಸಪುರದ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಸಂಬಳದ ವಿಚಾರಕ್ಕೆ ಕೋಲಾರಕ್ಕೆ ಹೋಗಬೇಕಾದಾಗ ಒಮ್ಮೆ ಆ ಬೀದಿಗೆ ಹೋದೆ. ಆಯಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಮೈ ತುಂಬಿಕೊಂಡಿದ್ದರು, ಕಣ್ಣು ನಿಚ್ಚಳವಾಗಿತ್ತು. ನನ್ನ ಗುರುತು ಸಿಗಲಿಲ್ಲ.

"ಯಾವೂರಮ್ಮ?"

"ಬೈರಕೂರ ಹತ್ರ."

"ಹೌದಾ, ಕೂತ್ಕೋ. ನನ್ನ ಮಗಳೂ ದೂರ ಓದ್ತಾ ಇದ್ಲು. ಸರ್ಕಾರದೋರೇ ಕರ್ಕೊಂಡು ಹೋಗಿ ಓದಿಸಿದ್ರು. ಲೆಕ್ಕದಲ್ಲಿ ಸ್ವಲ್ಪ ಹಿಂದೆ ಅಂತೆ, ಆಮೇಲೆ ಸರಿಹೋದ್ಲಂತೆ. ಟ್ರೈನಿಂಗಿನಲ್ಲಿ ಪಾಸಾದ್ಲು. ಈಗ ಮೇಷ್ಟ್ರಮ್ಮ ಆಗವಳೆ."

ಲೆಕ್ಕದಲ್ಲಿ ಹಿಂದಿದ್ದವಳು ನಾನು. ಒಳಗಿಂದ ಬಂದ ಯಜಮಾನರು ನನ್ನನ್ನು ನೋಡಿ ಗುರುತು ಹಿಡಿದರು. ನಾನು ಎದ್ದು ಹೊರಟಾಗ ಬೀದಿಯ ತಿರುವಿನವರೆಗೆ ಜೊತೆಯಲ್ಲಿ ನಡೆದು ಬಂದರು. ಅಲ್ಲಿ, ಇದನ್ನೆಲ್ಲ ಆಯಮ್ಮನಿಗೆ ಯಾರು ಹೇಳಿದರು ಅಂತ ಕೇಳಿದೆ.

"ಇನ್ಸ್‌ಪೆಕ್ಟರಮ್ಮ," ಅಂದರು. "ಈ ಕಡೆ ಸರ್ಕೀಟು ಬಂದಾಗೆಲ್ಲ ಮನೆಗೆ ಬಂದು ಕೂತ್ಕೊಳ್ತಿದ್ರು. ನಿನ್ನ ಮಾರ್ಕು, ನಿನ್ನ ಆರೋಗ್ಯ, ಎಲ್ಲಾ ಹೇಳಿ ಹೋಗ್ತಿದ್ರು. ನಿಮ್ಮ ಮಗಳು ಚೆನ್ನಾಗಿದಾಳೆ ಅನ್ನೋರು. ಯಾರ ಮಗಳು ಅಂತ ಇವಳೂ ಕೇಳ್ಲಿಲ್ಲ, ಅವರೂ ಬಿಡಿಸಿ ಹೇಳ್ಲಿಲ್ಲ."

ಅವರೊಡನೆ ತಿರುಗಿ ಮನೆಗೆ ಬಂದೆ. ಆಯಮ್ಮ ಊಟಕ್ಕೆ ಕೂರಿಸಿದರು. ಬಿಸಿ ಮುದ್ದೆ, ಅವರೆಕಾಳಿನ ಸಾರು. ಉಣ್ಣುತ್ತಾ ನನ್ನ ಶಾಲೆಯ ಕೆಲಸದ ಮಾತು ಹೇಳಿದೆ. ಹೊರಡುವಾಗ, "ನೀನೂ ಮೇಷ್ಟ್ರಮ್ಮ ಅಂತೀಯ, ಮೀಟಿಂಗಿನಲ್ಲಿ ಎಲ್ಲಾದ್ರೂ ಅವಳು ಸಿಕ್ಕಿದ್ರೆ, ಅಮ್ಮ ಚೆನ್ನಾಗಿದಾಳೆ ಅಂತ ಹೇಳಮ್ಮ," ಅಂದರು.

ಹೇಳ್ತೀನಿ ಅಂದೆ.