ಬ್ಯಾಟರಿಗೆ ಇಟ್ಟ ಕುಂಕುಮ

ಮಂಚ, ಒಲೆ, ಪುಟ್ಟ ಫ್ರಿಡ್ಜು ಎಲ್ಲವೂ ಒಳಗೇ ಇರುವ ವ್ಯಾನೊಂದು ಸೂಳೆಕೆರೆ ಏರಿಯ ಹತ್ತಿರ ನಿಂತಿತ್ತು. ಅದರಲ್ಲೇ ಊರೂರು ತಿರುಗುವ ದಾವಣಗೆರೆ ಕಡೆಯ ಗಂಡ ಹೆಂಡತಿ, ಫ್ರಿಡ್ಜು ಆಗಾಗ ಆಫ್ ಆಗ್ತೈತೆ ಎಂದು ಚನ್ನಗಿರಿಯ ನನ್ನ ಬ್ಯಾಟರಿ ಅಂಗಡಿಗೆ ಫೋನ್ ಮಾಡಿದ್ದರು.

ಹೋಗಿ ನೋಡಿದರೆ ಬ್ಯಾಟರಿ ಚೆನ್ನಾಗೇ ಇತ್ತು. ಆದರೆ ಪ್ರತಿ ಶುಕ್ರವಾರ ಹಚ್ಚಿದ ಅರಿಸಿನ ಕುಂಕುಮ, ವೈರು ಸೇರುವ ಟರ್ಮಿನಲ್‌ಗಳ ಮೇಲೆ ಗಟ್ಟಿಯಾಗಿ, ಸುತ್ತ ಹಸಿರು ಪುಡಿ ಕಟ್ಟಿ, ಕರೆಂಟ್ ಸರಿಯಾಗಿ ದಾಟುತ್ತಿರಲಿಲ್ಲ. ಬಿಸಿನೀರು, ಬ್ರಷ್ಷು ಕೈಗೆತ್ತಿಕೊಂಡೆ.

ವ್ಯಾನಿನ ಅಮ್ಮ ಗಾಬರಿಯಾಗಿ ಅಡ್ಡ ಬಂದರು. "ಕುಂಕುಮ ಅಳಿಸಬ್ಯಾಡ್ರೀ!"

"ಗಾಡಿ ಮುಂದೆ ಹಚ್ಚಿದ್ರೆ ಸಾಕಲ್ವೇನಮ್ಮಾ? ಬ್ಯಾಟರಿಗೆ ಯಾಕೆ?"

ಆಕೆ ಫ್ರಿಡ್ಜಿನ ಬಾಗಿಲು ತೆರೆದು ತೋರಿಸಿದರು. ಒಳಗೆ ಯಜಮಾನರ ಇನ್ಸುಲಿನ್. "ಇದನ್ನ ಕೆಡದಂಗೆ ಕಾಯಾಕೆ ಆ ಬ್ಯಾಟರಿನೇ ಅಲ್ಲೇನ್ರೀ ಇರೋದು?"

ಬ್ರಷ್ಷು ಕೆಳಗಿಟ್ಟೆ. ಹೊರಗೆ ಕುರ್ಚಿಯಲ್ಲಿದ್ದ ಯಜಮಾನರು, "ನಾನಿನ್ನೂ ಗಟ್ಟಿಯಾಗಿದೀನಿ, ತೊಳಿಯಪ್ಪಾ" ಎಂದರು. ಅಮ್ಮ ಕೇಳಲಿಲ್ಲ. ಮೊದಲು ಬ್ಯಾಟರಿ ಪೆಟ್ಟಿಗೆಯ ಮುಚ್ಚಳಕ್ಕೆ ಹೊಸ ಕುಂಕುಮ ಇಟ್ಟು, "ಈಗ ತೊಳೀರಿ" ಎಂದು ಮುಖ ಅತ್ತ ತಿರುಗಿಸಿಕೊಂಡರು.

ಅಂದಿನಿಂದ ಯಾರ ಗಾಡಿಯಲ್ಲೇ ಆಗಲಿ, ಟರ್ಮಿನಲ್ ಮೇಲೆ ಕುಂಕುಮ ಕಂಡರೆ, ಮುಚ್ಚಳಕ್ಕೆ ಹೊಸದು ಇಟ್ಟೇ ಹಳೆಯದನ್ನು ತೊಳೆಯುತ್ತೇನೆ. ದೇವರೆಂದರೆ ನನಗೆ ಅಷ್ಟಕ್ಕಷ್ಟೇ. ಗಿರಾಕಿಗಳು ಮಾತ್ರ ನನ್ನನ್ನು ದೊಡ್ಡ ಭಕ್ತ ಅಂದುಕೊಂಡಿದ್ದಾರೆ.